ಪೆಲೆಟ್ ಒಲಿ ಹತ್ತವಲ್ದೇನು? ರಿಪೇರಿಗೆ ಒಯ್ಯೂಕಿಂತ ಮೊದಲ ಇಷ್ಟು ನೋಡ್ರಿ

ಯರಗುಪ್ಪಿ: ಫ್ಯಾನ್ ಇರುವ ಪೆಲೆಟ್ ಒಲೆ ಬೆಳಿಗ್ಗೆ ಹೊತ್ತಲಿಲ್ಲ ಅಂದರೆ ಚಹಾ ಅಂಗಡಿಯವರಿಗೆ ಮೊದಲ ಬಸ್ಸಿನ ಗಿರಾಕಿ ಹೋದಂಗ. ಮನೆಯಲ್ಲಾದರೆ ಮಕ್ಕಳ ಶಾಲೆ ಡಬ್ಬಿ ತಡ. ಆಗ ಸಿಟ್ಟಿನಲ್ಲಿ ಚಿಮಣಿ ಎಣ್ಣೆ ಸುರಿಯುವವರೂ ಇದ್ದಾರೆ, ಒಲೆಯನ್ನೇ ಚೀಲದಾಗ ಹಾಕ್ಕೊಂಡು ಹುಬ್ಬಳ್ಳಿ ಬಸ್ ಹತ್ತುವವರೂ ಇದ್ದಾರೆ. ಎರಡೂ ಬೇಡ. ಬಹಳ ಸಲ ಒಲೆ ಕೆಟ್ಟಿರುವುದೇ ಇಲ್ಲ. ಗಾಳಿ ಬರುತ್ತಿಲ್ಲ, ಇಲ್ಲವೇ ಪೆಲೆಟ್ ಹಸಿಯಾಗಿದೆ, ಇಲ್ಲವೇ ಹೊತ್ತಿಸುವ ರೀತಿ ತಪ್ಪಿದೆ. ಮೂರನ್ನೂ ಮನೆಯಲ್ಲೇ ನೋಡಬಹುದು.

ಮೊದಲೇ ಒಂದು ಮಾತು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರುವ ಪೆಲೆಟ್ ಸ್ಟೋವ್ ವಿಡಿಯೋಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ಅವು ಚಳಿಗೆ ಮನೆ ಬೆಚ್ಚಗೆ ಇಡುವ ಯಂತ್ರ. ಸ್ಕ್ರೂ ತಿರುಗಿ ಪೆಲೆಟ್ ತಾನೇ ಬೀಳುತ್ತದೆ, ಕರೆಂಟಿನ ಬಿಸಿ ಸರಳು ತಾನೇ ಹೊತ್ತಿಸುತ್ತದೆ. ನಮ್ಮಲ್ಲಿರುವುದು ಅಡುಗೆ ಒಲೆ, ಹೊತ್ತಿಸುವವರು ನಾವೇ. ಅಲ್ಲಿಯ ರಿಪೇರಿ ಇಲ್ಲಿಗೆ ನಡೆಯೂದಿಲ್ಲ.

ನಮ್ಮ ಕಡೆ ಈ ಮಾದರಿಗೆ ಹೆಸರು ತಂದದ್ದು ಊರ್ಜಾ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು, ಅದರ ತಂತ್ರಜ್ಞಾನ ಕೊಟ್ಟಿತು. ಬಿಪಿ ಕಂಪನಿ 2006ರ ಸುಮಾರಿಗೆ ಮಾರಾಟಕ್ಕೆ ತಂದಿತು. 2009ರಲ್ಲಿ ವ್ಯವಹಾರ ಫಸ್ಟ್ ಎನರ್ಜಿ ಕಂಪನಿಗೆ ಹೋಯಿತು. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿನ ಹಳ್ಳಿಗಳೂ ಸೇರಿ ಸುಮಾರು 4 ಲಕ್ಷ ಒಲೆ ಮಾರಾಟವಾದವು. ಮುಂದೆ ಪೆಲೆಟ್ ದರ ಏರಿತು, ಮನೆ ಗಿರಾಕಿ ಇಳಿದರು, ಕಂಪನಿ ಹೋಟೆಲ್‌ಗಳ ಕಡೆ ಹೊರಳಿತು. ಹಳೆಯ ಊರ್ಜಾ ಈಗ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿದೆ. ಇವತ್ತು ಬೇರೆ ಬೇರೆ ಹೆಸರಿನಲ್ಲಿ ಬರುವ ಸಣ್ಣ ಒಲೆಗಳ ಒಳಗುಟ್ಟು ಮಾತ್ರ ಅದೇ: ತಳದಲ್ಲಿ ಜಾಲರಿ, ಪಕ್ಕದಲ್ಲಿ ಫ್ಯಾನ್, ಜಾಲರಿ ಕೆಳಗಿಂದ ಸ್ವಲ್ಪ ಗಾಳಿ, ಬಾಯಿ ಹತ್ತಿರದ ಸಾಲು ತೂತುಗಳಿಂದ ಉಳಿದ ಗಾಳಿ.

ಬೆಂಕಿ ಮೇಲಿಂದ ಕೆಳಗೆ ಇಳಿಯುತ್ತದೆ. ಕೆಳಗಿನ ಪೆಲೆಟ್ ಬಿಸಿಯಾಗಿ ಬಿಡುವ ಹೊಗೆ ಮೇಲಿನ ಕೆಂಡ ದಾಟಿ ಬಂದು, ಬಾಯಿ ಹತ್ತಿರ ಗಾಳಿ ಸಿಕ್ಕ ಕೂಡಲೇ ಉರಿಯುತ್ತದೆ. ಉರಿಯುವುದು ಹೊಗೆಯೇ. ಇದೊಂದು ತಿಳಿದರೆ ಮುಂದಿನದು ಸಲೀಸು.

ಮೊದಲು ಫ್ಯಾನ್

ಪೆಲೆಟ್ ಹಾಕುವ ಮೊದಲೇ, ಖಾಲಿ ಒಲೆಯಲ್ಲಿ ಸ್ವಿಚ್ ಹಾಕಿ. ಸದ್ದು ಬಂತೇ? ಬರಲಿಲ್ಲ ಅಂದರೆ ಕರೆಂಟ್ ದಾರಿ ಹಿಡಿದು ಹೋಗಿ. ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಹೆಸ್ಕಾಂ ಕರೆಂಟ್ ಇದ್ದೂ ಪಾಯಿಂಟ್ ಸತ್ತಿರಬಹುದು. ನಂತರ ಅಡಾಪ್ಟರ್. ಒಲೆ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ 12 ವೋಲ್ಟಿನದೇ ಬೇಕು. ಆಂಪಿಯರ್ ಅಷ್ಟೇ ಇರಬೇಕು, ಹೆಚ್ಚಿದ್ದರೂ ನಡೆಯುತ್ತದೆ, ಕಡಿಮೆ ಇರಬಾರದು. ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಕೊಡುವುದು 5 ವೋಲ್ಟ್. ಪಿನ್ ಕೂತರೂ ಫ್ಯಾನ್ ಸರಿಯಾಗಿ ತಿರುಗೂದಿಲ್ಲ.

ವೈರ್ ಹೊಸದಾಗಿ ಜೋಡಿಸಿದ್ದರೆ ಕೆಂಪು-ಕಪ್ಪು ಅದಲುಬದಲಾಗಿದೆಯೇ ನೋಡಿ. ಉಲ್ಟಾ ಕೊಟ್ಟರೆ ಕಂಪ್ಯೂಟರ್ ಮಾದರಿಯ ಸಣ್ಣ ಫ್ಯಾನ್ ತಿರುಗುವುದೇ ಇಲ್ಲ. ಸಾದಾ ಬ್ರಷ್ ಮೋಟಾರ್ ಆದರೆ ತಿರುಗುತ್ತದೆ, ಆದರೆ ಹಿಂದಕ್ಕೆ. ಸದ್ದು ಕೇಳಿ ನೀವು ಫ್ಯಾನ್ ಸರಿ ಇದೆ ಅಂದ್ಕೋತೀರಿ. ಬ್ಯಾಟರಿ ಮೇಲೆ ನಡೆಸುವವರು ಮಲ್ಟಿಮೀಟರ್ ಇದ್ದವರ ಹತ್ತಿರ ನೋಡಿಸಿ. 12 ವೋಲ್ಟಿನ ಸೋಲಾರ್ ಬ್ಯಾಟರಿ 11ಕ್ಕಿಂತ ಕೆಳಗಿದ್ದರೆ ಅದು ಚಾರ್ಜ್ ಕಳಕೊಂಡಿದೆ. ಫ್ಯಾನಿಗೆ ಯಾಕೆ ಬೈಯಬೇಕು?

ಇಲಿ ಕಡಿದ ವೈರು ನಮ್ಮ ಊರುಗಳಲ್ಲಿ ದೊಡ್ಡ ಕಾರಣ. ಇನ್ನೊಂದು ಹತ್ತಿ ಎಳೆ. ಹತ್ತಿ ತುಂಬಿದ ಮನೆಯಲ್ಲಿ ಇಟ್ಟ ಒಲೆಯ ಫ್ಯಾನಿನ ಎಲೆಗಳಿಗೆ ಎಳೆ, ಧೂಳು, ಅಡುಗೆ ಜಿಡ್ಡು ಸುತ್ತಿಕೊಂಡು ಬಿಗಿಯಾಗುತ್ತದೆ. ಪ್ಲಗ್ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ. ಬೆರಳಿನಿಂದ ತಳ್ಳಿದರೆ ಸಲೀಸಾಗಿ ತಿರುಗಬೇಕು. ನೀರು ಹಾಕಬೇಡಿ.

ಫ್ಯಾನ್ ತಿರುಗುತ್ತದೆ, ಗಾಳಿ ಬರೂದಿಲ್ಲ

ಒಂದು ಊದಿನಕಡ್ಡಿ ಹೊತ್ತಿಸಿ ಒಲೆಯ ಬಾಯಿಯ ತೂತುಗಳ ಹತ್ತಿರ ಹಿಡಿಯಿರಿ, ಆಮೇಲೆ ಜಾಲರಿ ಮೇಲೆ ಹಿಡಿಯಿರಿ. ಹೊಗೆ ಎಲ್ಲ ಕಡೆ ಓಡಾಡಬೇಕು. ಒಂದು ಮಗ್ಗುಲಲ್ಲಿ ನಿಂತಲ್ಲೇ ನಿಂತರೆ ಅಲ್ಲಿ ಬೂದಿ ಕಟ್ಟಿದೆ. ದಬ್ಬಣ ತಗೊಂಡು ಒಂದೊಂದೇ ತೂತು ಬಿಡಿಸಿ. ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ಬೆರೆಸಿದ ಪೆಲೆಟ್‌ನಲ್ಲಿ ಬೂದಿ ಜಾಸ್ತಿ. ಭತ್ತದ ಹೊಟ್ಟಿನಲ್ಲಂತೂ ತೂಕದ ಐದರಲ್ಲಿ ಒಂದು ಪಾಲು ಬೂದಿಯೇ. ಮಣ್ಣು ಬೆರೆತ ಕಚ್ಚಾ ಮಾಲಿನಿಂದ ಮಾಡಿದ ಪೆಲೆಟ್ ಆದರೆ ಬೂದಿ ಕರಗಿ ಗಾಜಿನಂಥ ಹೆಂಟೆಯಾಗಿ ಜಾಲರಿಗೆ ಅಂಟುತ್ತದೆ. ಒಲೆ ಪೂರ್ತಿ ಆರಿದ ಮೇಲೆ ತಟ್ಟಿ ಬಿಡಿಸಬೇಕು. ಬಿಸಿ ಇದ್ದಾಗ ನೀರು ಚಿಮುಕಿಸಿದರೆ ತಗಡು ಸೊಟ್ಟಾಗುತ್ತದೆ.

ಚಹಾ ಅಂಗಡಿಯಲ್ಲಿ ಹಾಲು ಉಕ್ಕಿ ಬಾಯಿಯ ತೂತು ಮುಚ್ಚುವುದೂ ಇದೆ. ಕೆಳಗೆ ಗಾಳಿ ಇದೆ, ಮೇಲೆ ಇಲ್ಲ. ಆಗ ಬರೀ ಹೊಗೆ.

ಪೆಲೆಟ್ ಮುರಿದು ನೋಡಿ

ಚೊಲೋ ಪೆಲೆಟ್ ನುಣುಪಾಗಿ ಹೊಳೆಯುತ್ತದೆ, ಮುರಿದರೆ ಟಕ್ ಅಂತದೆ. ಹಸಿ ಕುಡಿದದ್ದು ಉಬ್ಬಿ, ಒರಟಾಗಿ, ಒತ್ತಿದರೆ ಪುಡಿಯಾಗುತ್ತದೆ. ಪೆಲೆಟ್‌ನಲ್ಲಿ ನೀರಿನ ಪಾಲು ನೂರಕ್ಕೆ ಹತ್ತರೊಳಗೆ ಇರಬೇಕು. ಒಂದು ಪೆಲೆಟ್ ನೀರಿನ ಲೋಟಕ್ಕೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಗಂಜಿಯಂತಾಗುತ್ತದೆ. ಮಳೆಗಾಲದಲ್ಲಿ ನಮ್ಮ ಎರಿ ನೆಲದ ಮನೆಗಳ ತೇವಕ್ಕೆ ಚೀಲದ ತಳ ಇದೇ ಹಾದಿ ಹಿಡಿಯುತ್ತದೆ, ಮೇಲಿನ ಅರ್ಧ ಚೊಲೋ ಇರುತ್ತದೆ. ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ. ಚೀಲಕ್ಕಿಂತ ಮುಚ್ಚಳದ ಡಬ್ಬಿ ಒಳ್ಳೆಯದು. ಸ್ವಲ್ಪ ತೇವ ಅನಿಸಿದ್ದನ್ನು ತಾಡಪತ್ರಿ ಮೇಲೆ ಹರವಿ ಬಿಸಿಲಿಗೆ ಒಣಗಿಸಬಹುದು. ಪುಡಿಯಾದದ್ದು ಮತ್ತೆ ಪೆಲೆಟ್ ಆಗೂದಿಲ್ಲ. ಅದನ್ನು ಜರಡಿ ಹಿಡಿದು ತೆಗೆಯಿರಿ, ಏಕೆಂದರೆ ಪುಡಿ ಸಂದುಗಳಲ್ಲಿ ಕೂತು ಗಾಳಿ ತಡೆಯುತ್ತದೆ.

ಹೊತ್ತಿಸುವ ರೀತಿ

ಜಾಸ್ತಿ ತುಂಬುವುದೇ ಹೆಚ್ಚು ಕಾಣುವ ತಪ್ಪು. ಪೆಲೆಟ್ ಬಾಯಿಯ ತೂತುಗಳಿಗಿಂತ ಒಂದು ಬೆರಳು ಕೆಳಗೇ ನಿಲ್ಲಬೇಕು. ಊರ್ಜಾ ಗಾತ್ರದ ಒಲೆಗೆ ಸುಮಾರು 600 ಗ್ರಾಂ ಹಿಡಿಯುತ್ತದೆ, ಒಂದು ತಾಸಿನ ಆಸುಪಾಸು ಉರಿಯುತ್ತದೆ. ನಾಲ್ಕು ಹಿಡಿ ಜಾಸ್ತಿ ಹಾಕಿ ತಾಸು ಹೆಚ್ಚು ಮಾಡಿಕೊಳ್ಳಲು ಹೋದರೆ ಒಲೆಯೇ ಹೊತ್ತದು.

ಮೇಲೆ ಒಣ ಹತ್ತಿ ಕಟ್ಟಿಗೆಯ ಸಣ್ಣ ತುಂಡು, ಕೊಬ್ಬರಿ ಚಿಪ್ಪಿನ ಚೂರು, ಕುಳ್ಳಿನ ಪುಡಿ, ಏನಿದೆಯೋ ಅದನ್ನು ಒಂದು ಹಿಡಿ ಹರವಿ. ಎರಡು ಕರ್ಪೂರ ಸಾಕು. ಹೊತ್ತಿಸುವಾಗ ಫ್ಯಾನ್ ಬಂದ್ ಇರಲಿ, ಇಲ್ಲವೇ ತೀರಾ ಕಡಿಮೆ ಇರಲಿ. ಎರಡು-ಮೂರು ನಿಮಿಷ ಸುಮ್ಮನೆ ಬಿಡಿ. ಮೇಲಿನ ಪದರ ಎಲ್ಲ ಕಡೆ ಕೆಂಪಗಾದ ಮೇಲೆ ಫ್ಯಾನ್ ಮೆಲ್ಲಗೆ ಏರಿಸಿ. ಅವಸರ ಮಾಡಿ ಒಮ್ಮೆಲೇ ಜೋರು ಮಾಡಿದರೆ ದೀಪ ಊದಿ ಆರಿಸಿದಂಗ ಆಗ್ತದ. ಕೆಳಗಿನ ಬಾಗಿಲಿನಿಂದ ಹೊತ್ತಿಸಬೇಡಿ, ಪೆಲೆಟ್ ಎಲ್ಲವೂ ಒಟ್ಟಿಗೆ ಹೊಗೆ ಬಿಟ್ಟು ಮನೆ ತುಂಬುತ್ತದೆ.

ಹೋಟೆಲ್ ಮಾದರಿ ಬೇರೆ. ಪಕ್ಕದ ಬಾಯಿಯಿಂದ ಆಗಾಗ ಪೆಲೆಟ್ ಹಾಕುತ್ತಾ ಹೋಗುವ ದೊಡ್ಡ ಒಲೆಗೆ ಮೊದಲು ಜಾಲರಿ ಮೇಲೆ ಒಂದು ಪದರ ಕೆಂಡ ಆಗಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಹಾಕಬೇಕು. ಕೆಂಡ ಮುಚ್ಚುವಷ್ಟು ಸುರಿದರೆ ನಿಂತುಹೋಗುತ್ತದೆ.

ಇದನ್ನು ಮಾತ್ರ ಮಾಡಬೇಡಿ

ಒಲೆ ಬೆಂಕಿ ಇಲ್ಲದೆ ಬಿಳಿ ಹೊಗೆ ಬಿಡುತ್ತಿದೆ ಅಂದರೆ ಅದು ಉರಿಯುವ ಗ್ಯಾಸ್. ಆ ಹೊತ್ತಿಗೆ ಮೇಲೆ ಬಗ್ಗಿ ನೋಡಿ ಕಡ್ಡಿ ಗೀರಿದರೆ ಭುಗ್ ಅಂತ ಮುಖಕ್ಕೆ ಬರುತ್ತದೆ. ಮುಖ ಹಿಂದಿಟ್ಟು, ಉದ್ದ ಕಡ್ಡಿಗೆ ಕಾಗದ ಸುತ್ತಿ ಹೊತ್ತಿಸಿ ದೂರದಿಂದ ತೋರಿಸಿ. ಸೀರೆ ಸೆರಗು, ಓಡ್ನಿ ಸಿಕ್ಕಿಸಿಕೊಳ್ಳಿ. ಬಿಸಿ ಒಲೆಗೆ ಚಿಮಣಿ ಎಣ್ಣೆ ಸುರಿಯಬೇಡಿ. ಪೆಟ್ರೋಲ್ ಅಂತೂ ತಣ್ಣನೆ ಒಲೆಗೂ ಬೇಡ.

ಇನ್ನೊಂದು ಅಪಾಯ ಕಣ್ಣಿಗೆ ಕಾಣೂದಿಲ್ಲ. ಅಡುಗೆ ಮುಗಿದ ಮೇಲೆ ಒಳಗೆ ಉಳಿಯುವುದು ಕೆಂಡ. ಹೊಗೆ ಇರೂದಿಲ್ಲ, ವಾಸನೆ ಇರೂದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ. ಚಳಿಗಾಲದಲ್ಲಿ ಬೆಚ್ಚಗಿರಲಿ ಅಂತ ಆ ಒಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಂಡರೆ ಜೀವಕ್ಕೇ ಕುತ್ತು. ಅಂಗಡಿಯಲ್ಲಿ ಶಟರ್ ಎಳೆದು ಒಳಗೆ ಮಲಗುವ ಹುಡುಗರಿಗೂ ಇದೇ ಮಾತು. ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ಕೂಡಲೇ ಬಯಲಿಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ಒಲೆಯನ್ನು ಹೊರಗೆ ಇಟ್ಟು ಪೂರ್ತಿ ಆರಿಸಿ.

ಹೊಸದು ತಗೊಳ್ಳುವವರಿಗೆ

ಸಿಲಿಂಡರ್ ದರ ಏರಿದಾಗೆಲ್ಲ ಅಂಗಡಿಯವರು ಈ ಒಲೆ ವಿಚಾರಿಸುತ್ತಾರೆ. ಒಲೆ ದರಕ್ಕಿಂತ ಮೊದಲು ಪೆಲೆಟ್ ಎಲ್ಲಿಂದ, ಸಾಗಣೆ ಸೇರಿ ಕಿಲೋಗೆ ಎಷ್ಟು ಅಂತ ಕೇಳಿ. ಅಡುಗೆ ಗ್ಯಾಸ್ ಒಂದು ಕಿಲೋದಲ್ಲಿ ಸುಮಾರು 11,000 ಕಿಲೋ ಕ್ಯಾಲರಿ ಶಾಖ, ಪೆಲೆಟ್‌ನಲ್ಲಿ 3,500ರಿಂದ 4,000. ಪಾತ್ರೆಗೆ ಮುಟ್ಟದೆ ಹೋಗುವ ಶಾಖ ಪೆಲೆಟ್ ಒಲೆಯಲ್ಲಿ ಹೆಚ್ಚು. ಹೀಗಾಗಿ ಒಂದು ಕಿಲೋ ಗ್ಯಾಸ್ ಮಾಡುವ ಕೆಲಸಕ್ಕೆ ಅಂದಾಜು ನಾಲ್ಕರಿಂದ ಐದು ಕಿಲೋ ಪೆಲೆಟ್ ಹಿಡಿಯಿರಿ. 19 ಕಿಲೋದ ವಾಣಿಜ್ಯ ಸಿಲಿಂಡರಿಗೆ ಅದು 80-90 ಕಿಲೋ ಪೆಲೆಟ್ ಆಯಿತು. ಮಾರುವವರು ಮೂರು ಕಿಲೋ ಸಾಕು ಅಂದರೆ ನಿಮ್ಮ ಅಂಗಡಿಯಲ್ಲೇ ಒಂದು ದಿನ ಹಚ್ಚಿ ತೂಗಿ ತೋರಿಸಲು ಹೇಳಿ.

ಅಟ್ಟದ ಮೇಲಿನ ಹಳೆ ಊರ್ಜಾ ಇಳಿಸುವವರಿದ್ದರೆ, ಅದರ ಚಾರ್ಜಿಂಗ್ ಬ್ಯಾಟರಿ ಇಷ್ಟು ವರ್ಷಕ್ಕೆ ಸತ್ತಿರುತ್ತದೆ ಅಂತಲೇ ಲೆಕ್ಕ ಹಿಡಿಯಿರಿ. ಬ್ಯಾಟರಿ ಮೇಲೆ ಬರೆದ ವೋಲ್ಟ್ ನೋಡಿ, ಅಷ್ಟೇ ವೋಲ್ಟಿನ ಅಡಾಪ್ಟರನ್ನು ಎಲೆಕ್ಟ್ರಿಷಿಯನ್ ಕಡೆಯಿಂದ ಹಾಕಿಸಿಕೊಂಡರೆ ಫ್ಯಾನ್ ನಡೆಯುವ ಸಾಧ್ಯತೆ ಇದೆ. ಪೆಲೆಟ್ ಸಿಗದಿದ್ದಾಗ ಪೂರ್ತಿ ಒಣಗಿದ ಹತ್ತಿ ಕಟ್ಟಿಗೆಯನ್ನು ಬೆರಳ ಗಂಟಿನಷ್ಟು ತುಂಡು ಮಾಡಿ ತುಂಬಬಹುದು. ಅದು ಪೆಲೆಟ್‌ನಷ್ಟು ಒತ್ತಾಗಿ ಕೂಡುವುದಿಲ್ಲ, ಬೇಗ ಉರಿದು ಮುಗಿಯುತ್ತದೆ. ಹಸಿ ಕಟ್ಟಿಗೆ ಹಾಕಿದರೆ ಮತ್ತೆ ಅದೇ ಬಿಳಿ ಹೊಗೆ.