ಹಡ್ಲಿನ ಸಾಕ್ಷಿ

ಬಂಡೀಪುರ ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಹೋಗುವವರ ಕಣ್ಣೆಲ್ಲ ಗುಡ್ಡದ ನೆತ್ತಿಯ ಮೇಲೆ. ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದಷ್ಟು ಕಾಲವೂ ನಾನು ಹುಡುಗರಿಗೆ ಹೇಳುತ್ತಿದ್ದದ್ದು, ತಗ್ಗು ನೋಡ್ರಪ್ಪಾ ಎಂದು. ಎರಡು ಹುಲ್ಲುಗುಡ್ಡಗಳು ಕೂಡುವಲ್ಲಿ ಒಂದು ಮರವೂ ಇಲ್ಲದ ಮಟ್ಟಸವಾದ ಹಸಿರು ಪಟ್ಟೆ ಕಾಣುತ್ತದೆ. ಕ್ರಿಕೆಟ್ಟಿಗೆ ಒಳ್ಳೇ ಜಾಗ ಎಂದು ಓಡಿದವನ ಶೂ ಅಲ್ಲೇ ಹೂತುಕೊಳ್ಳುತ್ತದೆ. ನಾಗರಹೊಳೆ ಕಡೆಯ ನಮ್ಮ ಜನ ಕಾಡಿನ ನಡುವಿನ ಇಂಥ ಜೌಗಿಗೆ ಹಡ್ಲು ಎನ್ನುತ್ತಾರೆ. 2,000 ಮೀಟರಿಗೂ ಎತ್ತರದಲ್ಲಿರುವ ನೀಲಗಿರಿಯ ಹಡ್ಲಿನ ಗುಣವೇ ಬೇರೆ.

ಅಲ್ಲಿ ಚಳಿ ಹೆಚ್ಚು, ನೀರು ನಿಂತೇ ಇರುತ್ತದೆ, ಆ ನೀರು ಹುಳಿ. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಗಾಗುತ್ತದೆ. ಗಾಳಿಯಾಡದ ಆ ಕೆಸರಿನಲ್ಲಿ ಸತ್ತ ಜೇಕು, ಹುಲ್ಲು, ಹಾವಸೆ ಪೂರ್ತಿ ಕೊಳೆಯುವುದಿಲ್ಲ. ಒಂದರ ಮೇಲೊಂದು ಕೂತು ಕಪ್ಪನೆಯ ಪೀಟ್ ಆಗುತ್ತದೆ. ಯುರೋಪಿನ ಪೀಟಿನಲ್ಲಿ ಬಹುಪಾಲು ಸ್ಫ್ಯಾಗ್ನಮ್ ಹಾವಸೆಯದಾದರೆ, ಇಲ್ಲಿ ದೊಡ್ಡ ಪಾಲು ಜೇಕು ಮತ್ತು ಹುಲ್ಲಿನದು. ಒಂದು ಮುದ್ದೆ ಕಿತ್ತು ಹಿಂಡಿ ನೋಡಿ: ಕಾಫಿ ಡಿಕಾಕ್ಷನ್ನಿನಂಥ ನೀರು ಬೆರಳ ಸಂದಿಯಿಂದ ಇಳಿಯುತ್ತದೆ, ಅಂಗೈಯಲ್ಲಿ ಉಳಿದ ಚರಟವನ್ನು ಬಿಡಿಸುತ್ತ ಹೋದರೆ ಜೇಕಿನ ಬೇರು, ಎಲೆಯ ಬುಡ, ನಾರು ಎಳೆ ಎಳೆಯಾಗಿ ಸಿಗುತ್ತವೆ. ಇಂಥ ನೆಲದಲ್ಲಿ ಸಾರಜನಕ ದುರ್ಲಭ. ಬೆಳ್ಳಗಿನ ಗುಂಡಿಯಂತೆ ಹೂ ಬಿಡುವ ಎರಿಯೋಕಾಲನ್ ಸಿಕ್ಕಷ್ಟರಲ್ಲೇ ಬದುಕುತ್ತದೆ. ಪಕ್ಕದಲ್ಲೇ ಇರುವ ಡ್ರೋಸೆರಾ ಅಂಟು ಹನಿಗಳಲ್ಲಿ ನುಸಿ ಹಿಡಿದು ತಿನ್ನುತ್ತದೆ, ಯೂಟ್ರಿಕ್ಯುಲೇರಿಯಾ ಕೆಸರೊಳಗೆ ಪುಟ್ಟ ಚೀಲ ಬಿಟ್ಟು ಸೂಕ್ಷ್ಮಜೀವಿಗಳನ್ನು ಹೀರುತ್ತದೆ.

ಈ ಕೆಸರು ಒಂದು ಹಳೆಯ ವ್ಯಾಜ್ಯದಲ್ಲಿ ಸಾಕ್ಷಿ ನುಡಿದದ್ದು ನನಗೆ ಅತ್ಯಂತ ಪ್ರಿಯವಾದ ಕಥೆ. ನೀಲಗಿರಿಯ ಮೇಲ್ಭಾಗದಲ್ಲಿ ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು, ಉಳಿದ ಕಡೆಯೆಲ್ಲ ಹುಲ್ಲು. ಇದೇಕೆ ಹೀಗೆ? ಎಲ್ಲ ಕಡೆಯೂ ಕಾಡೇ ಇತ್ತು, ಎಮ್ಮೆ ಮೇಯಿಸುವ ತೋಡರು ಬೆಂಕಿ ಹಾಕಿ ಹಾಕಿ ಹುಲ್ಲು ಮಾಡಿದರು ಎಂಬುದು ಒಂದು ವಾದ. 1938ರಲ್ಲಿ ಎನ್.ಎಲ್. ಬೋರ್ ಬೆಂಕಿ ಮತ್ತು ದನ ಮೇಯಿಸಿದ್ದೇ ಕಾರಣ ಎಂದು ಬರೆದರೆ, ಅದೇ ವರ್ಷ ಸಿ.ಆರ್. ರಂಗನಾಥನ್ ಹಿಮದ ಕಡೆ ಬೆರಳು ತೋರಿಸಿದರು. ಚಳಿಗಾಲದ ರಾತ್ರಿಗಳಲ್ಲಿ ಬಯಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಆಗುವ ಹಿಮಕ್ಕೆ ಶೋಲಾ ಮರದ ಸಸಿಗಳು ಸುಟ್ಟುಹೋಗುತ್ತವೆ, ಹುಲ್ಲು ತಾಳುತ್ತದೆ. ಆದ್ದರಿಂದ ಹುಲ್ಲುಗಾವಲು ಅಲ್ಲಿಯ ಸಹಜ ಸ್ಥಿತಿ ಎಂದರು. ಇಬ್ಬರೂ ಅರಣ್ಯಾಧಿಕಾರಿಗಳೇ. ಆಡಳಿತಕ್ಕೆ ಮಾತ್ರ ಮೊದಲನೆಯ ವಾದವೇ ಅನುಕೂಲವಾಗಿತ್ತು. ಹುಲ್ಲು ಎಂದರೆ ಹಾಳಾದ ಕಾಡು, ಹಾಳಾದದ್ದರಲ್ಲಿ ಏನು ನೆಟ್ಟರೂ ಲಾಭವೇ!

ಯಾವ ಕಾಲದಲ್ಲಿ ಯಾವ ಗಿಡವಿತ್ತು ಎಂದು ತಿಳಿಯಲು ಪೀಟಿನೊಳಗಿನ ಪರಾಗ ಎಣಿಸುವ ಕೆಲಸ ಹಲವು ವರ್ಷಗಳಿಂದ ನಡೆದಿತ್ತು. 1993ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಆನೆಗಳ ಅಧ್ಯಯನಕ್ಕೆ ಹೆಸರಾದ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟಿನಲ್ಲಿ ಇಂಗಾಲ ಅಳೆದ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಶುಷ್ಕ ಹವೆಗೆ ಒಗ್ಗಿದ ಹುಲ್ಲುಗಳು ಮತ್ತು ಮರಗಳು ಬೇರೆ ಬೇರೆ ದಾರಿಯಲ್ಲಿ ಆಹಾರ ತಯಾರಿಸುತ್ತವೆ. ಆ ವ್ಯತ್ಯಾಸ ಭಾರವಾದ ಇಂಗಾಲ-13ರ ಪ್ರಮಾಣದಲ್ಲಿ ಉಳಿದುಬಿಡುತ್ತದೆ, ಗಿಡ ಸತ್ತು ಸಾವಿರಾರು ವರ್ಷವಾದರೂ. ಪದರ ಪದರವಾಗಿ ಓದಿದಾಗ ಸಿಕ್ಕ ಲೆಕ್ಕ ಹೀಗಿದೆ. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದ ಉತ್ತುಂಗದಲ್ಲಿ ಮಳೆ ಕಡಿಮೆ, ಶುಷ್ಕ ಹುಲ್ಲು ಹೆಚ್ಚು. ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಜೋರಾಗಿ ತೇವ ಬಯಸುವ ಗಿಡಗಳ ಕಾಲ ಬಂತು. ಸುಮಾರು 6,000 ವರ್ಷಗಳ ಹಿಂದೆ ಮತ್ತೆ ಒಣಹವೆ ಶುರುವಾಯಿತು. ಅಂದರೆ ಕೊಡಲಿ, ಬೆಂಕಿ, ಎಮ್ಮೆಗಳ ಮಾತು ಏಳುವ ಮೊದಲೇ ಅಲ್ಲಿ ಹುಲ್ಲಿತ್ತು. ರಂಗನಾಥನ್ ಗೆದ್ದರು ಎಂದು ನಾನಂತೂ ತೀರ್ಪು ಕೊಟ್ಟುಕೊಂಡಿದ್ದೇನೆ.

ಆ ವೇಳೆಗೆ ಸಾಕ್ಷಿಯನ್ನು ಸಾಕಷ್ಟು ಅಳಿಸಿಯೂ ಆಗಿತ್ತು. ಬ್ರಿಟಿಷ್ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಊಟಿ ಕಟ್ಟಿದ ಮೇಲೆ ಬಂಗಲೆಗಳ ಒಲೆಗೆ ಸೌದೆ ಸಾಲದಾಯಿತು. ಹಡ್ಲಿನ ಪೀಟನ್ನೂ ಕಡಿದು ಉರಿಸಿದರು. ಒಂದೆರಡು ಮೀಟರ್ ಪೀಟ್ ಕೂರಲು 20,000 ವರ್ಷ ಹಿಡಿದಿದ್ದರೆ, ಶತಮಾನಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ಲೆಕ್ಕ. ಆಮೇಲೆ ನೆಟ್ಟದ್ದು ನೀಲಗಿರಿ ಮರ, ವಾಟಲ್ ಎಂಬ ಹೊರನಾಡಿನ ಮರ, ಚಹಾ. 1932ರಲ್ಲಿ ಪೈಕಾರಾ ವಿದ್ಯುತ್ ಯೋಜನೆ, ಸ್ವಾತಂತ್ರ್ಯದ ನಂತರ ಕುಂದಾ ಯೋಜನೆಯ ಅವಲಾಂಚ್, ಎಮರಾಲ್ಡ್, ಅಪ್ಪರ್ ಭವಾನಿ ಜಲಾಶಯಗಳು. ಅಣೆಕಟ್ಟಿನ ನೀರು ಮೊದಲು ಮುಳುಗಿಸುವುದು ಕಣಿವೆಯ ತಳವನ್ನೇ.

ಹಡ್ಲು ಹೀಗೆ ಕಡಿಮೆಯಾದದ್ದರ ಬಿಸಿ ತಟ್ಟಿದ್ದು ತೋಡರಿಗೆ. ಅರ್ಧ ಪೀಪಾಯಿಯಾಕಾರದ ಅವರ ಹಾಲಿನ ಗುಡಿಗೆ ಬಿದಿರು, ಬೆತ್ತ ಬಗ್ಗಿಸಿ ಚಾವಣಿ ಕಟ್ಟಿ, ಮೇಲೆ ಜೌಗಿನಲ್ಲಿ ಮಾತ್ರ ಬೆಳೆಯುವ ಒಂದು ಹುಲ್ಲನ್ನು ಹೊದಿಸುತ್ತಾರೆ. ಎರಿಯೋಕ್ರೈಸಿಸ್ ರಂಗಾಚಾರಿ ಎಂಬುದು ಅದರ ಶಾಸ್ತ್ರೀಯ ಹೆಸರು, ನೀಲಗಿರಿ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ದಕ್ಷಿಣ ಭಾರತದ ಹುಲ್ಲುಗಳ ಮೇಲೆ 1921ರಲ್ಲಿ ಕೈಪಿಡಿ ಬರೆದ ರಂಗಾಚಾರಿಯವರ ಗೌರವಕ್ಕೆ ಇಟ್ಟ ಹೆಸರು.  ತೋಡರ ಮನೆಗಳು ಈಗ ಬಹುಪಾಲು ಕಾಂಕ್ರೀಟಿನವು. ಸಂಪ್ರದಾಯದ ಗುಡಿಗೆ ಮಾತ್ರ ಆ ಹುಲ್ಲೇ ಆಗಬೇಕು, ಗಂಡಸರು ಅದನ್ನರಸಿ ದೂರ ದೂರ ಹೋಗಿ ಹೊರೆ ಕಟ್ಟಿ ತರುತ್ತಾರೆ.

ಅರಣ್ಯ ಇಲಾಖೆ ಈಚೆಗೆ ಮುಕುರ್ತಿ ಕಡೆ ವಾಟಲ್ ಕಿತ್ತು ಗುಡ್ಡದ ಹುಲ್ಲನ್ನು ಮರಳಿ ಬೆಳೆಸುತ್ತಿದೆ. ಒಳ್ಳೆಯ ಕೆಲಸ. ಆದರೆ ಕಾಲುವೆ ತೋಡಿ ಬಸಿದ ಹಡ್ಲಿಗೆ ಸಸಿ ನೆಟ್ಟರೆ ಸಾಲದು, ಕಾಲುವೆ ಮುಚ್ಚಿ ನೀರು ನಿಲ್ಲಿಸಬೇಕು. ಆ ಕಪ್ಪು ಮಣ್ಣಿನಲ್ಲಿ ಈಗ ಅಲ್ಲಿಯ ಬೇಸಾಯಗಾರರಾದ ಬಡಗರ ಕ್ಯಾರೆಟ್, ಆಲೂಗೆಡ್ಡೆ, ಕೋಸು. ನಮ್ಮ ಊರಿನ ಸಂತೆಯಲ್ಲಿ ಊಟಿ ಕ್ಯಾರೆಟ್ ಎಂದು ಕೂಗಿದರೆ ಎರಡು ರೂಪಾಯಿ ಹೆಚ್ಚಾದರೂ ಕೊಳ್ಳುವವರಲ್ಲಿ ನಾನೂ ಒಬ್ಬ. ಬೆಳೆದವನ ಹತ್ತಿರ ಹೋಗಿ, ಅಣ್ಣಾ, ನಿನ್ನ ಕಾಲುವೆ ಮುಚ್ಚಪ್ಪಾ ಎನ್ನಲು ನನಗೆ ಬಾಯಿ ಬರುವುದಿಲ್ಲ.