ಬೆಲ್ಲ ಹಾಕಿದ ಶೇಂಗಾ ಕುಕ್ಕೀಸ್ ಮಧುಮೇಹಿಗಳಿಗೆ ಸುರಕ್ಷಿತವೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕರದಂಟು, ಶೇಂಗಾ ಉಂಡೆಗೆ ಬೆಲ್ಲವೇ ಜೀವಾಳ. ಹಾಗಾಗಿ ‘ಸಕ್ಕರೆ ಬದಲು ಬೆಲ್ಲ ಹಾಕಿದರೆ ಮಧುಮೇಹಿಗಳೂ ತಿನ್ನಬಹುದು’ ಎಂಬ ಮಾತನ್ನು ಸುಲಭವಾಗಿ ನಂಬುತ್ತೇವೆ. ಇದು ತಪ್ಪು. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ ಇದೆ. ಅದೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಶೇಂಗಾದಲ್ಲಿ ಮಾತ್ರ ಕಾರ್ಬೋಹೈಡ್ರೇಟ್ ನಿಜಕ್ಕೂ ಕಡಿಮೆ: 100 ಗ್ರಾಂಗೆ ಸುಮಾರು 16 ಗ್ರಾಂ, ಅದರಲ್ಲಿ ಅರ್ಧದಷ್ಟು ನಾರು. ಗೋಧಿ ಹಿಟ್ಟಿನಲ್ಲಿ 60 ಗ್ರಾಂಗೂ ಹೆಚ್ಚು.

ಮಾಡುವ ವಿಧಾನ: ಸಕ್ಕರೆ ಬೆರೆಸದ 1 ಕಪ್ ಪೀನಟ್ ಬಟರ್, 1 ಮೊಟ್ಟೆ, ರುಚಿಗೆ ಸ್ಟೀವಿಯಾ ಕಲಸಿ, ಚಿಕ್ಕ ಬಿಲ್ಲೆ ತಟ್ಟಿ, ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ 10–12 ನಿಮಿಷ ಬೇಯಿಸಿ. ಹಿಟ್ಟಿಲ್ಲದಿದ್ದರೂ ಮೊಟ್ಟೆಯ ಪ್ರೋಟೀನ್ ಹಿಡಿದಿಡುತ್ತದೆ. ತಣಿದ ಮೇಲೆ ತೆಗೆಯಿರಿ.

ಶೇಂಗಾದಲ್ಲಿ ಕೊಬ್ಬು, ಕ್ಯಾಲೊರಿ ಹೆಚ್ಚು; ಒಂದೆರಡು ಸಾಕು. ಶೇಂಗಾ ಅಲರ್ಜಿ ಇದ್ದವರಿಗೆ ಬೇಡ. ಇದು ತಿನಿಸು, ಔಷಧವಲ್ಲ. ಮಾತ್ರೆ ನಿಲ್ಲಿಸಬೇಡಿ.