ಎಕ್ಸ್‌ರೇಗಿಂತ ಮೊದಲೇ: ಕೀಲು ಹಾಳಾಗೋದನ್ನ ಊಹಿಸಲು ಕಲಿತ ಕಥೆ

ಇವತ್ತಿನ ಎಪಿಸೋಡ್ ಒಂದು ಕಾಯಿಲೆಯ ಇತಿಹಾಸ: ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಬರೋ ಮಂಡಿ ಸವೆತ ಅಲ್ಲ ಇದು. ನಮ್ಮನ್ನ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿಬೀಳುತ್ತೆ. ಮೂವತ್ತರ ವಯಸ್ಸಲ್ಲೂ ಬರಬಹುದು.

ಫ್ರಾನ್ಸ್‌ನ ಚಿತ್ರಕಾರ ರೆನ್ವಾರ್‌ಗೆ ಇದು ಶುರುವಾಗಿದ್ದು 1892ರ ಸುಮಾರಿಗೆ. 1896ರ ಒಂದು ಫೋಟೋದಲ್ಲಿ ಬೆರಳ ಬುಡದ ಗಿಣ್ಣುಗಳು ಊದಿರೋದು ಕಾಣುತ್ತೆ. ಕೊನೆಯ ವರ್ಷಗಳಲ್ಲಿ ಬೆರಳುಗಳು ಎಷ್ಟು ಮುದುಡಿದ್ದವು ಅಂದ್ರೆ, ಬ್ರಷ್ಷನ್ನು ಬೇರೆಯವರು ಅವರ ಕೈಗೆ ಸಿಕ್ಕಿಸಬೇಕಿತ್ತು. ಮುಂದೆ ಹೀಗಾಗುತ್ತೆ ಅಂತ ಮೊದಲೇ ಹೇಳಬಲ್ಲ ಪರೀಕ್ಷೆ ಆಗ ಒಂದೂ ಇರಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು 1940ರಲ್ಲಿ. ಇಂದು ರುಮಟಾಯ್ಡ್ ಫ್ಯಾಕ್ಟರ್ ಅಂತ ಕರೆಯೋ ಅಂಶವನ್ನ ರೋಗಿಯ ರಕ್ತದಲ್ಲಿ ನಾರ್ವೆಯ ಎರಿಕ್ ವಾಲರ್ ಗುರುತಿಸಿದರು. ಆದರೆ ಅದು ಕೆಲವು ಆರೋಗ್ಯವಂತರಲ್ಲೂ ಇರುತ್ತೆ. ಹಾಗಾಗಿ ಅದೊಂದನ್ನೇ ನಂಬೋ ಹಾಗಿರಲಿಲ್ಲ.

1971ರಲ್ಲಿ ಅಮೆರಿಕದ ಜಾನ್ ಶಾರ್ಪ್ ಕೈಯ ಎಕ್ಸ್‌ರೇಗೆ ಅಂಕ ಕೊಡೋ ಪದ್ಧತಿ ತಂದರು. 1989ರಲ್ಲಿ ನೆದರ್ಲೆಂಡ್ಸ್‌ನ ಡೆಸಿರೆ ವಾನ್ ಡರ್ ಹೈಡೆ ಅದಕ್ಕೆ ಪಾದಗಳನ್ನೂ ಸೇರಿಸಿದರು. ಒಟ್ಟು ಅಂಕ 0ಯಿಂದ 448. ನಾನು ಓದಿದ್ದು ಕಾಮರ್ಸ್, ನನಗೆ ಇದು ಬ್ಯಾಲೆನ್ಸ್ ಶೀಟ್ ಥರ ಕಾಣುತ್ತೆ. ಇವತ್ತಿನವರೆಗೆ ಎಷ್ಟು ನಷ್ಟ ಆಗಿದೆ ಅಂತ ಪಕ್ಕಾ ಹೇಳುತ್ತೆ. ಆದರೆ ಹೋದ ಮೂಳೆ ವಾಪಸ್ ಬರೋದು ಕಷ್ಟ.

ಹಳೆಯ ಪದ್ಧತಿ ಏನು ಗೊತ್ತಾ? ಮೊದಲು ನೋವಿನ ಮಾತ್ರೆ. ಬಲವಾದ ಔಷಧಿ ಆಮೇಲೆ, ಹಾನಿ ಕಂಡಮೇಲೆ. 1997ರಲ್ಲಿ ಪ್ರಕಟವಾದ ಕೋಬ್ರಾ ಅನ್ನೋ ಅಧ್ಯಯನದಲ್ಲಿ ಆರಂಭದಲ್ಲೇ ಔಷಧಿಗಳನ್ನ ಒಟ್ಟಿಗೆ ಕೊಟ್ಟಾಗ ಕೀಲಿನ ಹಾನಿ ನಿಧಾನವಾಯ್ತು. ಅಲ್ಲಿಗೆ ಪ್ರಶ್ನೆ ಬದಲಾಯ್ತು: ಯಾರಿಗೆ ಬೇಗ ಕೊಡಬೇಕು?

ಉತ್ತರದ ಒಂದು ಭಾಗ ಮರುವರ್ಷವೇ ಸಿಕ್ತು. ಈ ರೋಗಿಗಳ ಪ್ರತಿಕಾಯಗಳು ಸಿಟ್ರುಲಿನ್ ಇರೋ ಪ್ರೋಟೀನ್‌ಗಳನ್ನ ಗುರಿ ಮಾಡ್ತವೆ ಅಂತ ಡಚ್ ಸಂಶೋಧಕರು ತೋರಿಸಿದರು. ಇಂದಿನ ಆ್ಯಂಟಿ-ಸಿಸಿಪಿ ಪರೀಕ್ಷೆ ಹುಟ್ಟಿದ್ದು ಇದರಿಂದ. ಇದು ಪಾಸಿಟಿವ್ ಇರೋರಲ್ಲಿ ಮೂಳೆ ಸವೆತದ ಅಪಾಯ ಹೆಚ್ಚು. 2004ರಲ್ಲಿ ಡಚ್ ರಕ್ತದಾನಿಗಳ ಹಳೆಯ ಸ್ಯಾಂಪಲ್ ತೆಗೆದು ನೋಡಿದಾಗ ಇನ್ನೊಂದು ಆಶ್ಚರ್ಯ. ಮುಂದೆ ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ, ನೋವು ಶುರುವಾಗೋಕೆ ವರ್ಷಗಳ ಮುಂಚೆಯೇ ಇಂಥ ಪ್ರತಿಕಾಯಗಳಿದ್ದವು!

1987ರ ಅಮೆರಿಕನ್ ಮಾನದಂಡದ ಏಳು ಅಂಶಗಳಲ್ಲಿ ಎಕ್ಸ್‌ರೇ ಬದಲಾವಣೆಯೂ ಒಂದಾಗಿತ್ತು. 2010ರ ಹೊಸ ಅಂಕಪಟ್ಟಿಯಲ್ಲಿ ಅದಿಲ್ಲ, ಅದರ ಬದಲು ಆ್ಯಂಟಿ-ಸಿಸಿಪಿ ಬಂತು. ಹಾನಿ ಆಗೋವರೆಗೆ ಕಾಯಬೇಡಿ ಅಂತ ಅದರರ್ಥ.

ಆದರೂ ಇದು ಭವಿಷ್ಯವಾಣಿ ಅಲ್ಲ. ಸಿಬಿಲ್ ಸ್ಕೋರ್ ಹೇಳೋದು ಸಾಧ್ಯತೆ ಮಾತ್ರ, ಇದೂ ಹಾಗೇ. ನೆಗೆಟಿವ್ ಬಂದವರಲ್ಲೂ ಕೀಲು ಸವೆಯಬಹುದು, ಪಾಸಿಟಿವ್ ಬಂದವರ ಕೀಲು ಚೆನ್ನಾಗಿಯೇ ಉಳಿಯಬಹುದು. ನಿಮಗೋ ಮನೆಯವರಿಗೋ ಬೆಳಗ್ಗೆ ಎದ್ದಾಗ ಬೆರಳು ಬಿಗಿದುಕೊಂಡು, ಗಿಣ್ಣು ಊದಿ, ವಾರಗಟ್ಟಲೆ ಹಾಗೇ ಇದ್ರೆ ರುಮಟಾಲಜಿಸ್ಟ್ ಹತ್ರ ಹೋಗಿ. ರೆನ್ವಾರ್‌ಗೆ ಸಿಗದ ಸಮಯ ನಮಗಿದೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.